ಡೊಂಬಿವಲಿಯಿಂದ ಖಡಕ್‌ವಾಸ್ಲಾಗೆ: ಎನ್‌ಡಿಎ ಸೇರಲು ಹತ್ತನೇ ತರಗತಿಯಲ್ಲೇ ತೆರೆಯುವ ಬಾಗಿಲು

ಠಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬಯಿಯ ಕನ್ನಡಿಗರ ಮನೆಗಳಲ್ಲಿ ಹತ್ತನೇ ತರಗತಿ ಮುಗಿದ ಕೂಡಲೇ ಒಂದೇ ಮಾತು. ಸೈನ್ಸೋ ಕಾಮರ್ಸೋ? ಯಾವ ಜೂನಿಯರ್ ಕಾಲೇಜು? ಜೆಇಇ ಕ್ಲಾಸು ಎಲ್ಲಿ? ಈ ಗದ್ದಲದ ನಡುವೆ "ನಾನು ಮಿಲಿಟರಿಗೆ ಹೋಗ್ತೀನಿ" ಎನ್ನುವ ಹುಡುಗನ ಮಾತಿಗೆ ಸಾಮಾನ್ಯವಾಗಿ ಸಿಗುವ ಉತ್ತರ, "ಮೊದಲು ಹನ್ನೆರಡನೇದು ಮುಗಿಸು, ಆಮೇಲೆ ನೋಡೋಣ."

ತೊಂದರೆ ಇರುವುದೇ ಆ "ಆಮೇಲೆ" ಎಂಬಲ್ಲಿ. ಪುಣೆ ಬಳಿಯ ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿ, ಅಂದರೆ ಎನ್‌ಡಿಎ, ಸೇರಲು ವಯಸ್ಸಿನ ಮಿತಿ ಹದಿನಾರೂವರೆಯಿಂದ ಹತ್ತೊಂಬತ್ತೂವರೆ ವರ್ಷ. ಹನ್ನೆರಡನೇ ತರಗತಿ ಮುಗಿಸಿ, ಒಂದು ವರ್ಷ ಯೋಚಿಸಿ, ಇನ್ನೊಂದು ವರ್ಷ ತಯಾರಿ ಮಾಡುವಷ್ಟರಲ್ಲಿ ಆ ಬಾಗಿಲು ಮುಚ್ಚಿರುತ್ತದೆ. ಮಹಾರಾಷ್ಟ್ರದಲ್ಲಿ ಬೆಳೆದ ಮಕ್ಕಳಿಗೆ ಇದಕ್ಕೂ ಮೊದಲೇ, ಹತ್ತನೇ ತರಗತಿಯ ವರ್ಷದಲ್ಲೇ, ಇನ್ನೊಂದು ಬಾಗಿಲು ತೆರೆಯುತ್ತದೆ. ಅದು ನಮ್ಮವರಲ್ಲಿ ಹೆಚ್ಚಿನವರಿಗೆ ಗೊತ್ತೇ ಇಲ್ಲ.

ಅದರ ಹೆಸರು ಸರ್ವಿಸಸ್ ಪ್ರಿಪರೇಟರಿ ಇನ್‌ಸ್ಟಿಟ್ಯೂಟ್. ಚಿಕ್ಕದಾಗಿ ಎಸ್‌ಪಿಐ. ಊರು ಔರಂಗಾಬಾದ್, ಈಗಿನ ಹೆಸರು ಛತ್ರಪತಿ ಸಂಭಾಜಿನಗರ.

ಏನಿದು ಎಸ್‌ಪಿಐ?

ಮಹಾರಾಷ್ಟ್ರ ಸರ್ಕಾರ 1977ರಲ್ಲಿ ಆರಂಭಿಸಿದ ವಸತಿ ಸಂಸ್ಥೆ ಇದು. ಎನ್‌ಡಿಎ ಇರುವುದು ಮಹಾರಾಷ್ಟ್ರದ ನೆಲದಲ್ಲಾದರೂ ಅಲ್ಲಿಗೆ ಸೇರುವವರಲ್ಲಿ ಮಹಾರಾಷ್ಟ್ರದ ಹುಡುಗರು ಕಡಿಮೆ ಎಂಬ ಕೊರಗು ಇದರ ಹಿಂದಿತ್ತು. ಹತ್ತನೇ ತರಗತಿ ಮುಗಿಸಿದ ಹುಡುಗರನ್ನು ಆರಿಸಿ, 11 ಮತ್ತು 12ನೇ ತರಗತಿಯ ಎರಡು ವರ್ಷ ಅಲ್ಲೇ ಇರಿಸಿಕೊಂಡು ಓದಿಸುವುದು, ಜೊತೆಗೆ ಎನ್‌ಡಿಎ ಪರೀಕ್ಷೆಗೂ ಆಯ್ಕೆ ಮಂಡಳಿಯ ಸಂದರ್ಶನಕ್ಕೂ ತಯಾರು ಮಾಡುವುದು ಸಂಸ್ಥೆಯ ಕೆಲಸ. ವರ್ಷಕ್ಕೆ ಸುಮಾರು 60 ಹುಡುಗರಿಗೆ ಪ್ರವೇಶ. ಸೇನೆಯಿಂದ ನಿವೃತ್ತರಾದ ಅಧಿಕಾರಿಗಳು ಸಂಸ್ಥೆಯನ್ನು ನಡೆಸುತ್ತಾರೆ. ವೆಚ್ಚದ ಬಹುಭಾಗವನ್ನು ಸರ್ಕಾರವೇ ಭರಿಸುತ್ತದೆ.

ಇದು ಟ್ಯೂಷನ್ ಕ್ಲಾಸ್ ಅಲ್ಲ, ಸೇನಾ ಅಕಾಡೆಮಿಯೂ ಅಲ್ಲ, ಎರಡರ ನಡುವಿನ ಮೆಟ್ಟಿಲು. ಇಲ್ಲಿ ಎರಡು ವರ್ಷ ಇದ್ದ ಮಾತ್ರಕ್ಕೆ ಎನ್‌ಡಿಎಯಲ್ಲಿ ಸೀಟು ಖಾತ್ರಿಯಾಗುವುದಿಲ್ಲ, ಮೀಸಲಾತಿಯೂ ಸಿಗುವುದಿಲ್ಲ. ದೇಶದ ಉಳಿದೆಲ್ಲ ಹುಡುಗರ ಜೊತೆ ಸರಿಸಮನಾಗಿ ಪರೀಕ್ಷೆ ಬರೆದೇ ಹೋಗಬೇಕು. ಸಿಗುವುದು ಸಮಯ, ಶಿಸ್ತು, ಮತ್ತು ಒಂದೇ ಗುರಿ ಇಟ್ಟುಕೊಂಡ ಗೆಳೆಯರ ಗುಂಪು.

ನಮ್ಮ ಮಕ್ಕಳು ಅರ್ಹರೇ?

ಮುಂಬಯಿ ಕನ್ನಡಿಗರು ಮೊದಲು ಕೇಳುವ ಪ್ರಶ್ನೆ ಇದು. ಊರು ಉಡುಪಿ, ಮಾತು ಕನ್ನಡ ಅಥವಾ ತುಳು, ಮನೆ ಡೊಂಬಿವಲಿ. ಹೀಗಿರುವಾಗ ಮಹಾರಾಷ್ಟ್ರ ಸರ್ಕಾರದ ಸಂಸ್ಥೆಯಲ್ಲಿ ನಮಗೆ ಜಾಗ ಇದೆಯೇ?

ಇದೆ. ಎಸ್‌ಪಿಐ ಕೇಳುವುದು ಮಾತೃಭಾಷೆಯನ್ನಲ್ಲ, ವಾಸದ ದಾಖಲೆಯನ್ನು. ಮಹಾರಾಷ್ಟ್ರದ ಡೊಮಿಸೈಲ್ ಪ್ರಮಾಣಪತ್ರ ಇದ್ದರೆ ಸಾಕು. ರಾಜ್ಯದಲ್ಲಿ ಸಾಮಾನ್ಯವಾಗಿ 15 ವರ್ಷ ಸತತ ವಾಸ ಇರುವವರಿಗೆ ಇದು ಸಿಗುತ್ತದೆ. ಇಲ್ಲೇ ಹುಟ್ಟಿ ಇಲ್ಲೇ ಶಾಲೆಗೆ ಹೋದ ಮಗುವಿಗೆ ಜನನ ಪ್ರಮಾಣಪತ್ರ, ಶಾಲೆಯ ದಾಖಲೆ, ತಂದೆ ತಾಯಿಯ ವಾಸದ ಪುರಾವೆಗಳಿದ್ದರೆ ಕಷ್ಟವಾಗಬಾರದು. ಸರ್ಕಾರದ 'ಆಪಲೆ ಸರ್ಕಾರ್' ಜಾಲತಾಣ ಅಥವಾ ಸೇತು ಕೇಂದ್ರದ ಮೂಲಕ ಅರ್ಜಿ ಹಾಕಬೇಕು.

ಅರ್ಜಿ ಹಾಕುವಾಗ ತಾಲೂಕಿನ ಲೆಕ್ಕ ನೆನಪಿರಲಿ. ಡೊಂಬಿವಲಿಯವರದು ಕಲ್ಯಾಣ್ ತಾಲೂಕು. ವಾಶಿ, ನೆರೂಳ್, ಬೇಲಾಪುರದವರದು ಠಾಣೆ ತಾಲೂಕು. ಖಾರ್‌ಘರ್, ಪನ್ವೇಲ್ ಕಡೆಯವರು ಪನ್ವೇಲ್ ತಾಲೂಕಿಗೆ ಸೇರುತ್ತಾರೆ, ಅವರ ಜಿಲ್ಲೆಯೇ ಬೇರೆ, ರಾಯಗಡ. ಊರಿನ ವಿಳಾಸವನ್ನೇ ಪಡಿತರ ಚೀಟಿಯಲ್ಲಿ ಉಳಿಸಿಕೊಂಡವರು, ಬಾಡಿಗೆ ಮನೆ ಬದಲಿಸುತ್ತಲೇ ಇರುವವರು ಕಾಗದ ಪತ್ರಗಳನ್ನು ಒಂಬತ್ತನೇ ತರಗತಿಯಲ್ಲೇ ಸರಿ ಮಾಡಿಕೊಳ್ಳುವುದು ಒಳ್ಳೆಯದು. ಪರೀಕ್ಷೆಯಲ್ಲಿ ಪಾಸಾಗಿ ಕಾಗದದಲ್ಲಿ ಫೇಲಾಗುವುದಕ್ಕಿಂತ ಬೇಸರದ ಸಂಗತಿ ಇನ್ನೊಂದಿಲ್ಲ.

ಇನ್ನೊಂದು ಕುತೂಹಲದ ವಿಷಯ. ಸಂಸ್ಥೆಯ ಪ್ರವೇಶ ಪ್ರಕಟಣೆಗಳಲ್ಲಿ ಮಹಾರಾಷ್ಟ್ರದ ನಿವಾಸಿಗಳ ಜೊತೆಗೆ ಕರ್ನಾಟಕದ ಬೆಳಗಾವಿ, ಬೀದರ್, ಕಾರವಾರ ಭಾಗದವರನ್ನೂ ಹೆಸರಿಸುವ ರೂಢಿಯಿದೆ. ಗಡಿ ವಿವಾದದ ನೆರಳು ಇದರಲ್ಲಿದೆ ಎಂಬುದು ಬೇರೆ ಮಾತು. ಆ ಭಾಗದ ಹುಡುಗರು ಆಯಾ ವರ್ಷದ ಪ್ರಕಟಣೆಯನ್ನು ಓದಿ ನೋಡಬೇಕು.

ಅಭ್ಯರ್ಥಿ ಅವಿವಾಹಿತನಾಗಿರಬೇಕು, ಆ ವರ್ಷ ಹತ್ತನೇ ತರಗತಿಯ ಪರೀಕ್ಷೆ ಬರೆದು ಜೂನ್‌ನಲ್ಲಿ ಹನ್ನೊಂದಕ್ಕೆ ಹೋಗುವವನಾಗಿರಬೇಕು. ಹುಟ್ಟಿದ ದಿನಾಂಕದ ಮಿತಿಯನ್ನು ಪ್ರತಿ ವರ್ಷದ ಪ್ರಕಟಣೆಯಲ್ಲಿ ಕೊಡುತ್ತಾರೆ. ಎನ್‌ಡಿಎಗೆ ಬೇಕಾದ ದೇಹದಾರ್ಢ್ಯ, ದೃಷ್ಟಿ ಇವನಿಗೂ ಇರಬೇಕು.

ಪ್ರವೇಶ ಪರೀಕ್ಷೆ ಹೇಗೆ?

ಎರಡು ಹಂತ. ಮೊದಲನೆಯದು ಲಿಖಿತ ಪರೀಕ್ಷೆ. ಸಾಮಾನ್ಯವಾಗಿ ಹತ್ತನೇ ತರಗತಿಯ ಬೋರ್ಡ್ ಪರೀಕ್ಷೆ ಮುಗಿದ ನಂತರ, ಏಪ್ರಿಲ್ ಸುಮಾರಿಗೆ ನಡೆಯುತ್ತದೆ. ಅರ್ಜಿ ಹಾಕುವುದು ಅದಕ್ಕೂ ಮೊದಲೇ, ಆನ್‌ಲೈನ್ ಮೂಲಕ. ಹುಡುಗ ಪ್ರಿಲಿಮ್ ಪರೀಕ್ಷೆಯ ಗಡಿಬಿಡಿಯಲ್ಲಿರುವ ಕಾಲ ಅದು, ಆದ್ದರಿಂದ ಪ್ರಕಟಣೆಯ ಮೇಲೆ ಕಣ್ಣಿಡಬೇಕಾದವರು ಮನೆಯವರು. ಪರೀಕ್ಷಾ ಕೇಂದ್ರ ಮುಂಬಯಿಯಲ್ಲೂ ಇರುತ್ತದೆ.

ಗಣಿತ ಮತ್ತು ಸಾಮಾನ್ಯ ಸಾಮರ್ಥ್ಯ, ಎರಡಕ್ಕೂ ಸಮಪಾಲು. ಎಂಟರಿಂದ ಹತ್ತನೇ ತರಗತಿವರೆಗಿನ ರಾಜ್ಯ ಬೋರ್ಡ್ ಮತ್ತು ಸಿಬಿಎಸ್‌ಇ ಪಠ್ಯದ ಮೇಲೆ ಬಹು ಆಯ್ಕೆಯ ಪ್ರಶ್ನೆಗಳು. ತಪ್ಪು ಉತ್ತರಕ್ಕೆ ಅಂಕ ಕಡಿತ. ಬೋರ್ಡ್ ಪರೀಕ್ಷೆಯಲ್ಲಿ 95 ತೆಗೆದವನೂ ಇಲ್ಲಿ ಮುಗ್ಗರಿಸಬಹುದು. ಕಾರಣ, ಅಲ್ಲಿ ವಿಧಾನಕ್ಕೂ ಅಂಕ ಸಿಗುತ್ತದೆ. ಇಲ್ಲಿ ವೇಗ ಬೇಕು, ಗೊತ್ತಿಲ್ಲದ ಪ್ರಶ್ನೆ ಬಿಡುವ ಧೈರ್ಯವೂ ಬೇಕು.

ಇದರಲ್ಲಿ ಗೆದ್ದವರಿಗೆ ಎರಡನೇ ಹಂತ ಸಂದರ್ಶನ. ಪುಸ್ತಕದ ಜ್ಞಾನಕ್ಕಿಂತ ಹುಡುಗನನ್ನು ಅಳೆಯುವುದು ಇಲ್ಲಿನ ಉದ್ದೇಶ. ಯಾಕೆ ಸೇನೆ? ಯಾವ ಆಟ ಆಡುತ್ತೀಯ? ದಿನಪತ್ರಿಕೆ ಓದುತ್ತೀಯಾ? "ಅಪ್ಪ ಹೇಳಿದರು, ಅದಕ್ಕೆ ಬಂದೆ" ಎನ್ನುವವನಿಗೂ ತಾನೇ ಹಠ ಹಿಡಿದು ಬಂದವನಿಗೂ ಇರುವ ವ್ಯತ್ಯಾಸ ಎದುರು ಕುಳಿತವರಿಗೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ.

ಎರಡು ವರ್ಷದ ಬದುಕು

ಆಯ್ಕೆಯಾದ ಹುಡುಗ ವಿಜ್ಞಾನ ವಿಭಾಗದಲ್ಲಿ 11 ಮತ್ತು 12ನೇ ತರಗತಿಯನ್ನು ಛತ್ರಪತಿ ಸಂಭಾಜಿನಗರದಲ್ಲೇ ಓದುತ್ತಾನೆ. ಬೆಳಗಿನ ಓಟ, ವ್ಯಾಯಾಮ, ಕಾಲೇಜು ಪಾಠ, ಸಂಜೆ ಆಟ, ರಾತ್ರಿ ಎನ್‌ಡಿಎ ಪಠ್ಯ. ಇಂಗ್ಲಿಷ್ ಮಾತನಾಡುವುದು, ಗುಂಪಿನಲ್ಲಿ ಚರ್ಚಿಸುವುದು, ಎಲ್ಲರೆದುರು ನಿಂತು ಎರಡು ನಿಮಿಷ ಭಾಷಣ ಮಾಡುವುದು ಎಲ್ಲವೂ ದಿನಚರಿಯ ಭಾಗ.

ನಮ್ಮ ಉಪನಗರದ ಮಕ್ಕಳಿಗೆ ಇದರಿಂದ ಆಗುವ ದೊಡ್ಡ ಲಾಭ ಸಮಯದ್ದು. ಕಲ್ಯಾಣ್‌ನಿಂದ ಮುಂಬಯಿಯ ಕಾಲೇಜಿಗೆ, ಅಲ್ಲಿಂದ ಕ್ಲಾಸಿಗೆ ಹೋಗುವ ಹುಡುಗ ದಿನಕ್ಕೆ ಎರಡು ಮೂರು ಗಂಟೆ ಲೋಕಲ್ ರೈಲಿನಲ್ಲೇ ಕಳೆಯುತ್ತಾನೆ. ಆಟಕ್ಕೆ ಉಳಿಯುವುದೇನು? ವಸತಿ ಸಂಸ್ಥೆಯಲ್ಲಿ ಆ ಹೊತ್ತು ಮೈದಾನಕ್ಕೆ ಸಿಗುತ್ತದೆ. ಊರೇನೂ ತೀರಾ ದೂರವಲ್ಲ. ಕಲ್ಯಾಣ್‌ನಲ್ಲಿ ರೈಲು ಹತ್ತಿದರೆ ನಾಸಿಕ್, ಮನ್ಮಾಡ್ ಮೇಲೆ ಅದೇ ದಿನ ತಲುಪಬಹುದು.

ಆದರೆ ಬೆಲೆಯೂ ಇದೆ. ಹದಿನೈದು ಹದಿನಾರರ ವಯಸ್ಸಿನಲ್ಲಿ ಮನೆ ಬಿಡಬೇಕು. ಜೆಇಇಗೆ ಪೂರ್ಣಪ್ರಮಾಣದ ತಯಾರಿ ಆಗುವುದಿಲ್ಲ. ಹಾಗಾಗಿ ತೀರ್ಮಾನ ಹುಡುಗನದೇ ಆಗಿರಬೇಕು. ಮನೆಯವರ ಒತ್ತಾಯಕ್ಕೆ ಹೋದವನಿಗೆ ಎರಡು ವರ್ಷ ಬಹಳ ಉದ್ದವಾಗಿ ಕಾಣುತ್ತದೆ.

ನಿಜವಾದ ಪರೀಕ್ಷೆ: ಯುಪಿಎಸ್‌ಸಿಯ ಎನ್‌ಡಿಎ

ಕೇಂದ್ರ ಲೋಕಸೇವಾ ಆಯೋಗ, ಅಂದರೆ ಯುಪಿಎಸ್‌ಸಿ, ವರ್ಷಕ್ಕೆ ಎರಡು ಬಾರಿ ಎನ್‌ಡಿಎ ಪರೀಕ್ಷೆ ನಡೆಸುತ್ತದೆ, ಸಾಮಾನ್ಯವಾಗಿ ಏಪ್ರಿಲ್ ಮತ್ತು ಸೆಪ್ಟೆಂಬರ್‌ನಲ್ಲಿ. ಹನ್ನೊಂದನೇ ತರಗತಿಯಲ್ಲಿರುವವರು ಬರೆಯುವಂತಿಲ್ಲ. ಹನ್ನೆರಡರಲ್ಲಿರುವವರು, ಮುಗಿಸಿದವರು ಬರೆಯಬಹುದು. ಭೂಸೇನೆಗೆ ಯಾವ ವಿಭಾಗವಾದರೂ ಸರಿ. ವಾಯುಪಡೆ, ನೌಕಾಪಡೆಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಬೇಕೇ ಬೇಕು. ಕಾಮರ್ಸ್ ಓದಿದವರಿಗೂ ಲಿಖಿತ ಪರೀಕ್ಷೆಯಲ್ಲಿ ಗಣಿತ ತಪ್ಪುವುದಿಲ್ಲ. ಆದ್ದರಿಂದ ಹನ್ನೊಂದಕ್ಕೆ ಸೇರುವಾಗಲೇ ಗಣಿತ ಬಿಡಬಾರದು.

ಲಿಖಿತ ಪರೀಕ್ಷೆ 900 ಅಂಕಗಳದು. ಗಣಿತ 300 ಅಂಕ, 120 ಪ್ರಶ್ನೆ. ಸಾಮಾನ್ಯ ಸಾಮರ್ಥ್ಯ 600 ಅಂಕ, 150 ಪ್ರಶ್ನೆ. ತಲಾ ಎರಡೂವರೆ ಗಂಟೆ. ಸಾಮಾನ್ಯ ಸಾಮರ್ಥ್ಯದ 600ರಲ್ಲಿ 200 ಇಂಗ್ಲಿಷ್‌ಗೆ. ಉಳಿದ 400ರಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಸಾಮಾನ್ಯ ವಿಜ್ಞಾನ, ಇತಿಹಾಸ, ಭೂಗೋಳ, ಪ್ರಚಲಿತ ವಿದ್ಯಮಾನ. ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಅಂಕದ ಮೂರನೇ ಒಂದು ಭಾಗ ಕಡಿತ. ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಕನ್ನಡ ಮಾಧ್ಯಮದಲ್ಲಿ ಓದಿದವರು ಇಂಗ್ಲಿಷ್ ಪಾರಿಭಾಷಿಕ ಪದಗಳನ್ನು ಬೇಗನೆ ರೂಢಿಸಿಕೊಳ್ಳಬೇಕು.

ಒಂದು ಸುತ್ತಿಗೆ ಸುಮಾರು 400 ಸ್ಥಾನಗಳು. ಅದರಲ್ಲಿ ಎನ್‌ಡಿಎಗೆ 370: ಭೂಸೇನೆಗೆ 208, ನೌಕಾಪಡೆಗೆ 42, ವಾಯುಪಡೆಗೆ 120. ಉಳಿದವು ಕೇರಳದ ಎಳಿಮಲ ನೌಕಾ ಅಕಾಡೆಮಿಗೆ. ಅರ್ಜಿ ಹಾಕುವವರು ಲಕ್ಷಗಟ್ಟಲೆ.

ಈ ಲಕ್ಷದ ಲೆಕ್ಕ ಕೇಳಿ ಹೆದರುವ ಮೊದಲು ಕಟ್‌ಆಫ್ ನೋಡಿ. 2023ರ ಮೊದಲ ಪರೀಕ್ಷೆಯಲ್ಲಿ ಲಿಖಿತ ಹಂತ ದಾಟಲು ಬೇಕಾದದ್ದು 900ಕ್ಕೆ 301. 2024ರ ಮೊದಲ ಪರೀಕ್ಷೆಯಲ್ಲಿ 291. ಅಂದರೆ ಮೂರನೇ ಒಂದು ಭಾಗದ ಆಸುಪಾಸು. ಪ್ರತಿ ವಿಷಯದಲ್ಲೂ ಕನಿಷ್ಠ ಅಂಕ ಬೇಕೆಂಬ ನಿಯಮವೂ ಇದೆ, ಗಣಿತ ಪೂರ್ತಿ ಕೈಬಿಟ್ಟು ಇಂಗ್ಲಿಷ್‌ನಲ್ಲಿ ತೇಲಿಹೋಗುವಂತಿಲ್ಲ. ಆದರೂ ಲಿಖಿತ ಪರೀಕ್ಷೆ ಒಂದು ಜರಡಿ ಅಷ್ಟೇ. ಬುದ್ಧಿವಂತ ಹುಡುಗನಿಗೆ ಅದು ದಾಟಲಾಗದ ಗೋಡೆಯಲ್ಲ.

ಬಹುಪಾಲು ಹುಡುಗರು ಬೀಳುವುದು ಮುಂದಿನ ಹಂತದಲ್ಲಿ.

ಐದು ದಿನದ ಎಸ್‌ಎಸ್‌ಬಿ

ಲಿಖಿತದಲ್ಲಿ ಪಾಸಾದವರನ್ನು ಸೇವಾ ಆಯ್ಕೆ ಮಂಡಳಿ, ಅಂದರೆ ಎಸ್‌ಎಸ್‌ಬಿ, ಐದು ದಿನ ಕರೆಸಿಕೊಳ್ಳುತ್ತದೆ. ಬೆಂಗಳೂರು, ಭೋಪಾಲ್, ಪ್ರಯಾಗ್‌ರಾಜ್ ಮುಂತಾದೆಡೆ ಕೇಂದ್ರಗಳಿವೆ. ವಾಯುಪಡೆಯ ಒಂದು ಮಂಡಳಿ ಮೈಸೂರಿನಲ್ಲೇ ಇದೆ. ಇದಕ್ಕೂ 900 ಅಂಕ. ಎರಡೂ ಸೇರಿ 1800ಕ್ಕೆ ಅಂತಿಮ ಪಟ್ಟಿ. 2023ರ ಮೊದಲ ಪರೀಕ್ಷೆಯಲ್ಲಿ ಅಂತಿಮ ಕಟ್‌ಆಫ್ 664, 2024ರ ಮೊದಲ ಪರೀಕ್ಷೆಯಲ್ಲಿ 654.

ಮೊದಲ ದಿನ ತರ್ಕಶಕ್ತಿಯ ಪರೀಕ್ಷೆ ಮತ್ತು ಒಂದು ಮಸುಕಾದ ಚಿತ್ರ. ಅರ್ಧ ನಿಮಿಷ ಚಿತ್ರ ನೋಡಿ, ನಾಲ್ಕು ನಿಮಿಷದಲ್ಲಿ ಕಥೆ ಬರೆದು, ಅದನ್ನು ಗುಂಪಿನಲ್ಲಿ ಚರ್ಚಿಸಬೇಕು. ಬಂದವರಲ್ಲಿ ಬಹಳಷ್ಟು ಮಂದಿ ಅದೇ ದಿನ ಮನೆಗೆ ಮರಳುತ್ತಾರೆ. ಉಳಿದವರಿಗೆ ಮನೋವೈಜ್ಞಾನಿಕ ಪರೀಕ್ಷೆಗಳು: 12 ಚಿತ್ರಗಳಿಗೆ ಕಥೆ, 60 ಪದಗಳಿಗೆ ತಲಾ 15 ಸೆಕೆಂಡಿನಲ್ಲಿ ವಾಕ್ಯ, 60 ಸನ್ನಿವೇಶಗಳಿಗೆ ಅರ್ಧ ಗಂಟೆಯಲ್ಲಿ ಪ್ರತಿಕ್ರಿಯೆ. ನಂತರ ಮೈದಾನದಲ್ಲಿ ಹಲಗೆ, ಹಗ್ಗ, ಡ್ರಮ್ಮು ಕೊಟ್ಟು ಗುಂಪಾಗಿ ಅಡೆತಡೆ ದಾಟಿಸುವ ಕೆಲಸ. ವೈಯಕ್ತಿಕ ಸಂದರ್ಶನ. ಕೊನೆಯ ದಿನ ಎಲ್ಲ ಪರೀಕ್ಷಕರೂ ಕೂಡಿ ತೀರ್ಮಾನ.

ಇಲ್ಲಿ ನೋಡುವುದು ಅಧಿಕಾರಿಗೆ ಬೇಕಾದ 15 ಗುಣಗಳನ್ನು. ಜವಾಬ್ದಾರಿ, ಸಹಕಾರ, ಬೇಗ ತೀರ್ಮಾನ ಮಾಡುವ ಶಕ್ತಿ, ಧೈರ್ಯ, ಯೋಜನೆ ಇತ್ಯಾದಿ. ಗಂಟಲು ಹರಿದುಕೊಂಡು ಮಾತಾಡುವವನೇ ನಾಯಕ ಎಂಬ ತಪ್ಪು ಕಲ್ಪನೆ ಹಲವರಲ್ಲಿದೆ. ಹಲಗೆ ಹಿಡಿಯಲು ಯಾರೂ ಇಲ್ಲದಾಗ ಸುಮ್ಮನೆ ಹೋಗಿ ಹಿಡಿದವನನ್ನೂ ಪರೀಕ್ಷಕರು ಗಮನಿಸುತ್ತಾರೆ. ಬಾಯಿಪಾಠ ಮಾಡಿದ ಕಥೆ, ಕೋಚಿಂಗ್‌ನಲ್ಲಿ ಕಲಿಸಿದ ಉತ್ತರ ಮೂರು ಬೇರೆ ಬೇರೆ ಪರೀಕ್ಷಕರ ಎದುರು ಒಂದಕ್ಕೊಂದು ತಾಳೆಯಾಗುವುದಿಲ್ಲ. ಒಬ್ಬ ಹುಡುಗನ ಬರಹ, ನಡವಳಿಕೆ, ಮಾತು ಮೂರೂ ಒಂದೇ ವ್ಯಕ್ತಿಯನ್ನು ತೋರಿಸಬೇಕು.

ತಯಾರಿ ಶಾಲೆಯ ನಿಜವಾದ ಉಪಯೋಗ ಕಾಣುವುದು ಇಲ್ಲೇ. ಎರಡು ವರ್ಷ 60 ಹುಡುಗರ ಜೊತೆ ಬದುಕಿದವನಿಗೆ ಗುಂಪಿನಲ್ಲಿ ಕೆಲಸ ಮಾಡುವುದು ಅಭ್ಯಾಸವಾಗಿಬಿಟ್ಟಿರುತ್ತದೆ. ಮನೆಯಲ್ಲಿದ್ದು ತಯಾರಾಗುವವರು ಅದನ್ನು ಬೇರೆ ಕಡೆ ಗಳಿಸಬೇಕು: ಕ್ರಿಕೆಟ್ ಅಥವಾ ಕಬಡ್ಡಿ ತಂಡ, ಎನ್‌ಸಿಸಿ, ಗಣೇಶೋತ್ಸವದ ಸ್ವಯಂಸೇವೆ, ಸಂಘದ ಕಾರ್ಯಕ್ರಮ, ಸಹ್ಯಾದ್ರಿಯ ಚಾರಣ. ನಾಟಕದ ದಿನ ಕುರ್ಚಿ ಹಾಕಿಸುವ ಜವಾಬ್ದಾರಿ ಹೊತ್ತ ಹುಡುಗನಿಗೆ ಸಂದರ್ಶನದಲ್ಲಿ ಹೇಳಲು ನಿಜವಾದ ಅನುಭವ ಒಂದಿರುತ್ತದೆ.

ವೈದ್ಯಕೀಯ ತಪಾಸಣೆ: ಮೊದಲೇ ಗೊತ್ತಿದ್ದರೆ ಒಳ್ಳೆಯದು

ಎಲ್ಲ ಗೆದ್ದು ವೈದ್ಯಕೀಯದಲ್ಲಿ ಹೊರಬೀಳುವವರಿದ್ದಾರೆ. ಬಣ್ಣಗುರುಡು, ಮಂಡಿಗಳು ಒಂದಕ್ಕೊಂದು ತಾಗುವುದು, ಚಪ್ಪಟೆ ಪಾದ, ಕಿವಿಯ ತೊಂದರೆ, ಅತಿ ತೂಕ ಇವು ಸಾಮಾನ್ಯ ಕಾರಣಗಳು. ಕೆಲವನ್ನು ಸರಿಪಡಿಸಿಕೊಳ್ಳಬಹುದು, ಮರುತಪಾಸಣೆಗೆ ಮೇಲ್ಮನವಿಯ ಅವಕಾಶವೂ ಇದೆ. ಬಣ್ಣಗುರುಡಿನಂಥವನ್ನು ಸರಿಪಡಿಸಲಾಗದು. ಕನ್ನಡಕ ಇದ್ದ ಮಾತ್ರಕ್ಕೆ ಎಲ್ಲ ಬಾಗಿಲೂ ಮುಚ್ಚುವುದಿಲ್ಲ. ಆದರೆ ಪೈಲಟ್ ಆಗುವವರಿಗೆ ನಿಯಮ ತುಂಬ ಬಿಗಿ. ಲೇಸರ್ ಶಸ್ತ್ರಚಿಕಿತ್ಸೆ ಮಾಡಿಸಿಬಿಟ್ಟರೆ ಸರಿಹೋಗುತ್ತದೆ ಎಂದುಕೊಳ್ಳಬೇಡಿ. 20 ವರ್ಷಕ್ಕೆ ಮೊದಲು ಮಾಡಿಸಿದ ಅಂಥ ಶಸ್ತ್ರಚಿಕಿತ್ಸೆಯೇ ಅಡ್ಡಿಯಾಗುತ್ತದೆ.

ಒಂಬತ್ತು ಅಥವಾ ಹತ್ತನೇ ತರಗತಿಯಲ್ಲೇ ಕಣ್ಣಿನ ವೈದ್ಯರ ಬಳಿ, ಮೂಳೆ ವೈದ್ಯರ ಬಳಿ ಒಮ್ಮೆ ತೋರಿಸಿ. ಕೆಲವು ನೂರು ರೂಪಾಯಿ ಖರ್ಚಾಗಬಹುದು. ಮೂರು ವರ್ಷ ಕನಸು ಕಟ್ಟಿ ಕೊನೆಗೆ ಬಣ್ಣದ ಚುಕ್ಕಿಗಳ ಪುಸ್ತಕದ ಮುಂದೆ ತಡವರಿಸುವ ಹುಡುಗನ ನೋವಿಗೆ ಹೋಲಿಸಿದರೆ ಅದು ಏನೂ ಅಲ್ಲ.

ವಾಯುಪಡೆಯ ಪೈಲಟ್ ಆಗಬೇಕೆನ್ನುವವರಿಗೆ ಇನ್ನೊಂದು ಮಾತು. ಗಣಕೀಕೃತ ಪೈಲಟ್ ಆಯ್ಕೆ ಪರೀಕ್ಷೆಗೆ ಜೀವನದಲ್ಲಿ ಒಂದೇ ಅವಕಾಶ. ಅದರಲ್ಲಿ ತಪ್ಪಿದರೆ ಆ ದಾರಿ ಶಾಶ್ವತವಾಗಿ ಮುಚ್ಚುತ್ತದೆ, ಬೇರೆ ಶಾಖೆಗಳು ತೆರೆದಿರುತ್ತವೆ.

ಹೆಣ್ಣುಮಕ್ಕಳಿಗೂ ದಾರಿ

2021ರ ಆಗಸ್ಟ್‌ವರೆಗೆ ಎನ್‌ಡಿಎ ಹುಡುಗರಿಗಷ್ಟೇ. ಆ ತಿಂಗಳು ಸುಪ್ರೀಂ ಕೋರ್ಟ್ ನೀಡಿದ ಮಧ್ಯಂತರ ಆದೇಶದಿಂದ ಹೆಣ್ಣುಮಕ್ಕಳಿಗೂ ಪರೀಕ್ಷೆ ಬರೆಯುವ ಅವಕಾಶ ಸಿಕ್ಕಿತು. 2022ರಲ್ಲಿ ಮೊದಲ ಮಹಿಳಾ ಕೆಡೆಟ್‌ಗಳು ಖಡಕ್‌ವಾಸ್ಲಾ ಸೇರಿದರು. 2025ರ ಮೇ 30ರಂದು 148ನೇ ಕೋರ್ಸಿನ ನಿರ್ಗಮನ ಪಥಸಂಚಲನದಲ್ಲಿ 17 ಯುವತಿಯರು ಹೆಜ್ಜೆ ಹಾಕಿ ಹೊರಬಂದರು.

ಇದರ ಬೆನ್ನಿಗೇ ಮಹಾರಾಷ್ಟ್ರ ಸರ್ಕಾರ ಹುಡುಗಿಯರಿಗೆಂದು ನಾಸಿಕ್‌ನಲ್ಲಿ 2023ರಲ್ಲಿ ಪ್ರತ್ಯೇಕ ತಯಾರಿ ಸಂಸ್ಥೆ ತೆರೆಯಿತು. ಕಲ್ಯಾಣ್‌ನಿಂದ ರೈಲಿನಲ್ಲಿ ಮೂರು ಗಂಟೆ ದಾರಿಯೂ ಇಲ್ಲದ ಊರು. ಮಗಳು ಓಟದಲ್ಲಿ ಚುರುಕು, ಗಣಿತದಲ್ಲೂ ಮುಂದು ಎಂದಾದರೆ ಈ ಹೆಸರು ಗಮನದಲ್ಲಿರಲಿ.

ಇನ್ನೂ ಚಿಕ್ಕವರಿದ್ದರೆ

ಸೇನಾ ಅಕಾಡೆಮಿಗೆ ಮೊದಲು ತಯಾರಿ ಶಾಲೆ ಎಂಬ ಯೋಚನೆ ಹೊಸದಲ್ಲ. ಭಾರತೀಯ ಹುಡುಗರನ್ನು ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್ ಅಕಾಡೆಮಿಗೆ ಸಿದ್ಧಪಡಿಸಲೆಂದು 1922ರಲ್ಲಿ ಡೆಹ್ರಾಡೂನ್‌ನಲ್ಲಿ ಒಂದು ಶಾಲೆ ತೆರೆಯಿತು. ಇಂದಿನ ರಾಷ್ಟ್ರೀಯ ಇಂಡಿಯನ್ ಮಿಲಿಟರಿ ಕಾಲೇಜು ಅದೇ. ಅಲ್ಲಿ ಕಲಿತ ಕೊಡಗಿನ ಹುಡುಗನೊಬ್ಬ ಸ್ಯಾಂಡ್‌ಹರ್ಸ್ಟ್‌ಗೆ ಹೋಗಿ, ಮುಂದೆ ಭಾರತದ ಭೂಸೇನೆಯ ಮುಖ್ಯಸ್ಥರಾದರು. ಅವರೇ ಜನರಲ್ ಕೆ. ಎಸ್. ತಿಮ್ಮಯ್ಯ. ಈ ಕಾಲೇಜಿಗೆ ಎಂಟನೇ ತರಗತಿಗೆ ಪ್ರವೇಶ, ವಯಸ್ಸು ಹನ್ನೊಂದೂವರೆಯಿಂದ ಹದಿಮೂರು. ವರ್ಷಕ್ಕೆರಡು ಬಾರಿ ಪರೀಕ್ಷೆ. ಮಹಾರಾಷ್ಟ್ರದಲ್ಲಿ ಅದನ್ನು ಪುಣೆಯ ರಾಜ್ಯ ಪರೀಕ್ಷಾ ಪರಿಷತ್ತು ನಡೆಸುತ್ತದೆ.

ಸೈನಿಕ ಶಾಲೆಗಳಿಗೆ 6 ಮತ್ತು 9ನೇ ತರಗತಿಯಲ್ಲಿ ಪ್ರವೇಶ. ದೇಶದ ಮೊದಲ ಸೈನಿಕ ಶಾಲೆ 1961ರಲ್ಲಿ ನಮ್ಮ ಹತ್ತಿರದ ಸಾತಾರಾದಲ್ಲೇ ಆರಂಭವಾಯಿತು. ಕರ್ನಾಟಕದಲ್ಲಿ ವಿಜಯಪುರದ ಶಾಲೆ 1963ರದು, ಕೊಡಗಿನ ಕೂಡಿಗೆಯದು 2007ರದು. ಆರನೇ ತರಗತಿಯ ಪ್ರವೇಶ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಡೊಂಬಿವಲಿ ಕರ್ನಾಟಕ ಸಂಘದ ಮಂಜುನಾಥ ವಿದ್ಯಾಲಯದಂಥ ಶಾಲೆಗಳು ಬೆಳೆದ ಈ ಭಾಗದಲ್ಲಿ, ಕನ್ನಡ ಓದಲು ಬರೆಯಲು ಬಲ್ಲ ಮಕ್ಕಳಿಗೆ ಇದು ಅನುಕೂಲ. ಒಂಬತ್ತನೆಯದು ಇಂಗ್ಲಿಷ್‌ನಲ್ಲಿ ಮಾತ್ರ. ಇಲ್ಲಿಯೂ ಡೊಮಿಸೈಲ್ ಮುಖ್ಯ. ಶಾಲೆ ಇರುವ ರಾಜ್ಯದವರಿಗೆ ಶೇ. 67 ಸೀಟು, ಹೊರಗಿನವರಿಗೆ ಶೇ. 33. ಠಾಣೆಯ ಹುಡುಗ ಸಾತಾರಾಕ್ಕೆ ಸ್ವಂತ ರಾಜ್ಯದವ, ವಿಜಯಪುರಕ್ಕೆ ಹೊರಗಿನವ. ಅಜ್ಜನ ಮನೆ ವಿಜಯಪುರದಲ್ಲಿದೆ ಎಂಬುದು ಲೆಕ್ಕಕ್ಕೆ ಬಾರದು. ಇವಲ್ಲದೆ ಬೆಳಗಾವಿ ಮತ್ತು ಬೆಂಗಳೂರಿನಲ್ಲಿ ರಾಷ್ಟ್ರೀಯ ಮಿಲಿಟರಿ ಶಾಲೆಗಳಿವೆ.

ಖಾಸಗಿ ಅಕಾಡೆಮಿಗಳ ವಿಷಯ

'ಡಿಫೆನ್ಸ್ ಅಕಾಡೆಮಿ' ಎಂಬ ಫಲಕ ಈಗ ಎಲ್ಲೆಲ್ಲೂ ಕಾಣುತ್ತದೆ. ಒಳ್ಳೆಯವೂ ಇವೆ. ಆದರೆ ಲಕ್ಷ ರೂಪಾಯಿ ಶುಲ್ಕ ಕಟ್ಟುವ ಮೊದಲು ಕೆಲವು ಪ್ರಶ್ನೆ ಕೇಳಿ. 12ನೇ ತರಗತಿ ಯಾವ ಬೋರ್ಡಿಗೆ ಸೇರಿದ್ದು, ಮಾನ್ಯತೆ ಇದೆಯೇ? ಫಲಕದಲ್ಲಿ ಫೋಟೋ ಇರುವ ಹುಡುಗರು ಲಿಖಿತದಲ್ಲಿ ಪಾಸಾದವರೋ, ಅಂತಿಮ ಪಟ್ಟಿಯಲ್ಲಿ ಬಂದವರೋ? ಎರಡಕ್ಕೂ ಅಜಗಜಾಂತರ. ಮಧ್ಯದಲ್ಲಿ ಬಿಟ್ಟರೆ ಹಣ ಮರಳಿ ಸಿಗುತ್ತದೆಯೇ? "ಆಯ್ಕೆ ಗ್ಯಾರಂಟಿ" ಎಂದವರಿದ್ದರೆ ಅಲ್ಲಿಂದ ಎದ್ದು ಬನ್ನಿ. ಯುಪಿಎಸ್‌ಸಿಯಾಗಲಿ ಎಸ್‌ಎಸ್‌ಬಿಯಾಗಲಿ ಯಾವ ಅಕಾಡೆಮಿಯ ಮಾತೂ ಕೇಳುವುದಿಲ್ಲ.

ಮನೆಯಲ್ಲೇ ಇದ್ದು ತಯಾರಾಗುವುದೂ ಸಾಧ್ಯ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಯುಪಿಎಸ್‌ಸಿ ಜಾಲತಾಣ ಉಚಿತವಾಗಿ ಕೊಡುತ್ತದೆ. ಎನ್‌ಸಿಇಆರ್‌ಟಿ ಪುಸ್ತಕಗಳು ಸಾಕಷ್ಟು. ಓಡಲು ಠಾಣೆಯವರಿಗೆ ಯೇವೂರ್ ಬೆಟ್ಟದ ದಾರಿ ಇದೆ, ಡೊಂಬಿವಲಿಯವರಿಗೆ ಕ್ರೀಡಾಸಂಕುಲವಿದೆ, ನವಿ ಮುಂಬಯಿಯವರಿಗೆ ಖಾರ್‌ಘರ್ ಗುಡ್ಡವಿದೆ. ಈಜು ಕಲಿತಿರಲಿ. ಎನ್‌ಡಿಎಯಲ್ಲಿ ಈಜು ಕಡ್ಡಾಯ, ಬಾರದವರು ಅಲ್ಲಿ ಒದ್ದಾಡುತ್ತಾರೆ.

ಸಿಗದಿದ್ದರೆ?

ಇದು ಎಲ್ಲ ತಂದೆ ತಾಯಿಯರ ಒಳಗಿನ ಭಯ. ಹೆಚ್ಚಿನವರಿಗೆ ಸಿಗುವುದಿಲ್ಲ ಎಂಬುದೇ ನಿಜ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆದ್ದರಿಂದ 12ನೇ ತರಗತಿಯ ಅಂಕಗಳನ್ನು ಯಾವ ಕಾರಣಕ್ಕೂ ಕಡೆಗಣಿಸಬಾರದು. ಆ ಅಂಕವೇ ಎರಡನೇ ದಾರಿಯ ಟಿಕೆಟ್ಟು.

ಸೇನೆಯ ಬಾಗಿಲು ಎನ್‌ಡಿಎ ಒಂದೇ ಅಲ್ಲ. ಜೆಇಇ ಮೇನ್ ಬರೆದು, ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದಲ್ಲಿ ಉತ್ತಮ ಅಂಕ ಇರುವವರಿಗೆ ಭೂಸೇನೆಯ ತಾಂತ್ರಿಕ ಪ್ರವೇಶ ಯೋಜನೆ ಮತ್ತು ನೌಕಾಪಡೆಯ ಬಿ.ಟೆಕ್ ಪ್ರವೇಶ ಇದೆ. ಎರಡಕ್ಕೂ ಪ್ರತ್ಯೇಕ ಲಿಖಿತ ಪರೀಕ್ಷೆ ಇಲ್ಲ, ನೇರ ಎಸ್‌ಎಸ್‌ಬಿ. ಅಂದರೆ ಜೆಇಇ ಮತ್ತು ಸಮವಸ್ತ್ರ ಎರಡೂ ಪರಸ್ಪರ ವಿರುದ್ಧ ದಾರಿಗಳಲ್ಲ. ಪದವಿಯ ನಂತರ ಸಿಡಿಎಸ್, ವಾಯುಪಡೆಯ ಎಎಫ್‌ಕ್ಯಾಟ್, ಎನ್‌ಸಿಸಿ 'ಸಿ' ಪ್ರಮಾಣಪತ್ರ ಪಡೆದವರಿಗೆ ವಿಶೇಷ ಪ್ರವೇಶ ಇವೆ. ಅಗ್ನಿವೀರ್ ಬೇರೆಯೇ ದಾರಿ, ಅದು ಸೈನಿಕರ ನೇಮಕಾತಿ, ಅಧಿಕಾರಿಗಳದ್ದಲ್ಲ.

ಒಳಗೆ ಹೋದ ಮೇಲೆ

ಎನ್‌ಡಿಎಯಲ್ಲಿ ಮೂರು ವರ್ಷ, ನಂತರ ಭೂಸೇನೆಯವರಿಗೆ ಡೆಹ್ರಾಡೂನ್, ನೌಕಾಪಡೆಯವರಿಗೆ ಎಳಿಮಲ, ವಾಯುಪಡೆಯವರಿಗೆ ಹೈದರಾಬಾದ್ ಬಳಿಯ ದುಂಡಿಗಲ್‌ನಲ್ಲಿ ತರಬೇತಿ. ಎನ್‌ಡಿಎಯಿಂದ ದಿಲ್ಲಿಯ ಜೆಎನ್‌ಯು ಪದವಿಯೂ ಸಿಗುತ್ತದೆ. ತರಬೇತಿ, ಊಟ, ವಸತಿ, ಪುಸ್ತಕ ಎಲ್ಲ ಸರ್ಕಾರದ್ದು, ಕೈಖರ್ಚು ಮನೆಯವರದ್ದು. ಡೆಹ್ರಾಡೂನ್ ಹಂತದಲ್ಲಿ ತಿಂಗಳಿಗೆ 56,100 ರೂಪಾಯಿ ಸ್ಟೈಪೆಂಡ್ ಬರುತ್ತದೆ. ಲೆಫ್ಟಿನೆಂಟ್ ಹುದ್ದೆಯ ಮೂಲವೇತನ ಶುರುವಾಗುವುದೂ ಅಲ್ಲಿಂದಲೇ.

ಕಷ್ಟದ ಮಾತನ್ನೂ ಹೇಳಬೇಕು. ತರಬೇತಿಯಲ್ಲಿ ಗಂಭೀರವಾಗಿ ಗಾಯಗೊಂಡು ಹೊರಬರುವ ಕೆಡೆಟ್‌ಗಳಿಗೆ ಮಾಜಿ ಸೈನಿಕರ ಸ್ಥಾನಮಾನ ಸಿಗುವುದಿಲ್ಲ ಎಂಬ ದೂರು ಬಹುಕಾಲದ್ದು. 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಸ್ವಯಂಪ್ರೇರಿತವಾಗಿ ಈ ವಿಷಯ ಕೈಗೆತ್ತಿಕೊಂಡಿತು. ಆ ಬಳಿಕ ಇವರಿಗೆ ಮಾಜಿ ಸೈನಿಕರ ಆರೋಗ್ಯ ಯೋಜನೆಯ ಸೌಲಭ್ಯ ನೀಡಲು ಸರ್ಕಾರ ಮುಂದಾಯಿತು. ಸೇರುವವರ ಮನೆಯವರು ಇದನ್ನು ತಿಳಿದಿರಬೇಕು.

ಇನ್ನು ಕೆಲಸದ ಅಪಾಯ. ಠಾಣೆ ಜಿಲ್ಲೆಯ ಮೀರಾ ರೋಡ್‌ನ ಮೇಜರ್ ಕೌಸ್ತುಭ್ ರಾಣೆ 2018ರ ಆಗಸ್ಟ್‌ನಲ್ಲಿ ಕಾಶ್ಮೀರದ ಗುರೇಜ್‌ನಲ್ಲಿ ಹುತಾತ್ಮರಾದಾಗ ಅವರ ವಯಸ್ಸು 29. ಬೆಂಗಳೂರಿನಲ್ಲಿ ಬೆಳೆದು ಎನ್‌ಡಿಎಯಲ್ಲಿ ಕಲಿತ ಮೇಜರ್ ಸಂದೀಪ್ ಉನ್ನಿಕೃಷ್ಣನ್ 2008ರ ನವೆಂಬರ್‌ನಲ್ಲಿ ಪ್ರಾಣ ಕೊಟ್ಟದ್ದು ನಮ್ಮದೇ ಮುಂಬಯಿಯ ತಾಜ್ ಹೋಟೆಲಿನಲ್ಲಿ. ಸಂಬಳ, ಗೌರವ, ಸಮವಸ್ತ್ರದ ಜೊತೆ ಇದನ್ನೂ ಸೇರಿಸಿಯೇ ಮಗನೊಡನೆ ಮಗಳೊಡನೆ ಮಾತಾಡಬೇಕು.

ಈಗ ಏನು ಮಾಡಬೇಕು?

ಮಗು ಎಂಟು ಅಥವಾ ಒಂಬತ್ತನೇ ತರಗತಿಯಲ್ಲಿದ್ದರೆ ಕಣ್ಣು, ಕಾಲು ಪರೀಕ್ಷೆ ಮಾಡಿಸಿ, ಡೊಮಿಸೈಲ್ ಕಾಗದ ಶುರು ಮಾಡಿ, ದಿನಾ ಅರ್ಧ ಗಂಟೆ ಓಟ, ಅರ್ಧ ಗಂಟೆ ಇಂಗ್ಲಿಷ್ ದಿನಪತ್ರಿಕೆ ರೂಢಿಸಿ. ಹತ್ತರಲ್ಲಿದ್ದರೆ ದೀಪಾವಳಿ ಕಳೆದ ಕೂಡಲೇ ಎಸ್‌ಪಿಐ ಪ್ರಕಟಣೆಗೆ ಕಾಯಿರಿ. ಹನ್ನೊಂದರಲ್ಲಿದ್ದರೆ ಎಸ್‌ಪಿಐ ಅವಕಾಶ ಮುಗಿದಿದೆ, ನೇರ ಎನ್‌ಡಿಎ ಪಠ್ಯ ಹಿಡಿಯಿರಿ. ಹನ್ನೆರಡಕ್ಕೆ ಕಾಲಿಟ್ಟವರಿಗೆ ಮೊದಲ ಅವಕಾಶ ಆ ಸೆಪ್ಟೆಂಬರ್‌ನಲ್ಲಿ, ಎರಡನೆಯದು ಮುಂದಿನ ಏಪ್ರಿಲ್‌ನಲ್ಲಿ. ಮೊದಲ ಸಲ ಆಗದಿದ್ದರೆ ಧೈರ್ಯಗೆಡಬೇಕಿಲ್ಲ. ವಯಸ್ಸಿನ ಮಿತಿಯೊಳಗೆ ಎಷ್ಟು ಸಲ ಬೇಕಾದರೂ ಬರೆಯಬಹುದು, ಎರಡನೇ ಮೂರನೇ ಯತ್ನದಲ್ಲಿ ಒಳಹೋದವರು ಬೇಕಾದಷ್ಟಿದ್ದಾರೆ.

ನಿಯಮ, ದಿನಾಂಕ, ಸೀಟುಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಅರ್ಜಿ ಹಾಕುವ ಮೊದಲು ಯುಪಿಎಸ್‌ಸಿ ಮತ್ತು ಎಸ್‌ಪಿಐ ಅಧಿಕೃತ ಜಾಲತಾಣದ ಆ ವರ್ಷದ ಪ್ರಕಟಣೆಯನ್ನೇ ನಂಬಿ. ವಾಟ್ಸ್‌ಆಪ್‌ನಲ್ಲಿ ಬಂದ ಚಿತ್ರವನ್ನಲ್ಲ. ಮತ್ತು ಮನೆಯ ಹುಡುಗ ಅಥವಾ ಹುಡುಗಿ ಸಮವಸ್ತ್ರದ ಮಾತೆತ್ತಿದಾಗ "ಆಮೇಲೆ ನೋಡೋಣ" ಎನ್ನುವ ಬದಲು, ಅಂದೇ ಕ್ಯಾಲೆಂಡರ್ ತೆಗೆದು ಹುಟ್ಟಿದ ದಿನಾಂಕದಿಂದ ಲೆಕ್ಕ ಹಾಕಿ ನೋಡಿ.